ಹಳೇ ಇಲಿಗಳ ಲೆಕ್ಕ: ಸಣ್ಣ ಸಸ್ತನಿಗಳ ಪಳೆಯುಳಿಕೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಮತ್ ಅಂದರೆ ಎಲ್ಲರೂ ಕಿವಿ ನಿಮಿರಿಸುತ್ತಾರೆ. ಇಲಿ ಹಲ್ಲು ಅಂದರೆ ಮುಖ ಆ ಕಡೆ ತಿರುಗಿಸುತ್ತಾರೆ. ಆದರೆ ಹಳೇ ಕಾಲದ ಹವೆ, ಗಿಡಮರ, ಏರುಪೇರು ಎಲ್ಲದರ ಲೆಕ್ಕ ಆ ಹಲ್ಲುಗಳಲ್ಲೇ ಜಾಸ್ತಿ ಇದೆ. ಈ ವಿಷಯ ಮಾತಿಗೆ ಬಂದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ.

ಸಣ್ಣ ಸಸ್ತನಿ ಅಂದರೆ ಯಾವ ಪ್ರಾಣಿಗಳು?

ಇಲಿ, ಹೆಗ್ಗಣ, ಸುಂಡಿಲಿ, ಅಳಿಲು, ಮುಳ್ಳಿಲಿ, ಬಾವಲಿ, ಮೊಲ. ಇಷ್ಟೇ ತೂಕ ಇರಬೇಕು ಅಂತ ಗೆರೆ ಎಳೆದಿಲ್ಲ. ಕೆಲವರು ಒಂದು ಕಿಲೋ ಒಳಗೆ ಅನ್ನುತ್ತಾರೆ, ಕೆಲವರು ಐದು ಕಿಲೋ. ಕೈಯಲ್ಲಿ ಹಿಡಿಯುವಷ್ಟು ಅಂದುಕೊಂಡರೆ ಸಾಕು.

ಇವು ಕಡಿಮೆ ಅಂದುಕೊಳ್ಳಬೇಡಿ. ಇವತ್ತು ಭೂಮಿ ಮೇಲೆ ಸುಮಾರು 6,500 ಬಗೆಯ ಸಸ್ತನಿಗಳಿವೆ. ಅದರಲ್ಲಿ ಇಲಿ, ಅಳಿಲುಗಳಂಥ ದಂಶಕಗಳೇ ಸುಮಾರು 2,500. ಬಾವಲಿಗಳು 1,400ಕ್ಕೂ ಹೆಚ್ಚು. ಆನೆ, ಹುಲಿ, ಜಿಂಕೆ ಎಲ್ಲ ಸೇರಿಸಿದರೂ ಈ ಗುಂಪಿನ ಮುಂದೆ ಒಂದು ಹಿಡಿ.

ದೊಡ್ಡ ಪ್ರಾಣಿಗಳನ್ನು ಬಿಟ್ಟು ಇಲಿಗಳ ಹಿಂದೆ ಬೀಳುವುದು ಯಾಕೆ?

ಆನೆ ಊರೂರು ಸುತ್ತುತ್ತದೆ. ಒಂದು ಕಡೆ ಅದರ ಮೂಳೆ ಸಿಕ್ಕಿತು ಅಂದರೆ ಅದು ಆ ದಾರಿಯಲ್ಲಿ ಹೋಗುತ್ತಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ಇಲಿ ಹಾಗಲ್ಲ. ಅದರ ಇಡೀ ಬದುಕು ಒಂದು ಹೊಲದಷ್ಟು ಜಾಗದಲ್ಲಿ ಮುಗಿಯುತ್ತದೆ. ಆ ಜಾಗದಲ್ಲಿ ಹುಲ್ಲು ಹೋಗಿ ಪೊದೆ ಬಂದರೆ ಹುಲ್ಲು ನಂಬಿದ ಇಲಿ ಹೋಗುತ್ತದೆ, ಪೊದೆಯ ಇಲಿ ಬರುತ್ತದೆ.

ಇನ್ನೊಂದು, ಸಂಖ್ಯೆ. ಒಂದು ಗುಹೆಯಲ್ಲಿ ಒಂದು ಮ್ಯಾಮತ್ ಮೂಳೆ ಸಿಕ್ಕರೆ ದೊಡ್ಡ ಸುದ್ದಿ. ಅದೇ ಗುಹೆಯಲ್ಲಿ ಇಲಿ ಹಲ್ಲು ಸಾವಿರಗಟ್ಟಲೆ ಸಿಗುತ್ತವೆ. ಒಂದನ್ನು ಇಟ್ಟುಕೊಂಡು ಕಥೆ ಹೇಳಬಹುದು. ಲೆಕ್ಕ ಹಾಕಬೇಕು ಅಂದರೆ ಸಾವಿರ ಬೇಕು.

ಅಷ್ಟು ಪುಟ್ಟ ಮೂಳೆಗಳು ಸಾವಿರಾರು ವರ್ಷ ಹೇಗೆ ಉಳಿಯುತ್ತವೆ? ಅಷ್ಟೊಂದು ಒಂದೇ ಕಡೆ ಹೇಗೆ ಸೇರುತ್ತವೆ?

ಹೆಚ್ಚಿನ ಪಾಲು ಗೂಬೆಯ ಕೃಪೆ. ಗೂಬೆ ಇಲಿಯನ್ನು ಅಗಿಯುವುದಿಲ್ಲ, ಹೆಚ್ಚಾಗಿ ಇಡಿಯಾಗಿ ನುಂಗುತ್ತದೆ. ಮಾಂಸ ಕರಗುತ್ತದೆ. ಮೂಳೆ, ಕೂದಲು ಕರಗುವುದಿಲ್ಲ. ಅವೆಲ್ಲ ಹೊಟ್ಟೆಯಲ್ಲೇ ಉಂಡೆ ಕಟ್ಟಿಕೊಂಡು ಕೆಲವು ಗಂಟೆಗಳ ನಂತರ ಬಾಯಿಂದ ಹೊರಗೆ ಬೀಳುತ್ತವೆ. ಒಣಗಿದ ಉಂಡೆಯೊಂದನ್ನು ಚಿಮುಟದಿಂದ ಬಿಡಿಸಿದರೆ ಬೂದು ಕೂದಲಿನ ನಡುವೆ ತಲೆಬುರುಡೆ, ಬೆಂಕಿಕಡ್ಡಿಗಿಂತ ಸಣ್ಣ ತೊಡೆಮೂಳೆ, ಹಲ್ಲು ಸಮೇತ ದವಡೆ ಒಂದೊಂದಾಗಿ ಹೊರಗೆ ಬರುತ್ತವೆ. ಒಂದೇ ಉಂಡೆಯಲ್ಲಿ ಮೂರು ನಾಲ್ಕು ಇಲಿಗಳಿರುವುದೂ ಉಂಟು. ಗೂಬೆಗಳು ತಲೆಮಾರುಗಟ್ಟಲೆ ಒಂದೇ ಗುಹೆಯಲ್ಲಿ ಕೂತರೆ ಕೆಳಗೆ ಮೂಳೆಯ ರಾಶಿಯೇ ಆಗುತ್ತದೆ. ಮೇಲೆ ಮಣ್ಣು ಕೂರುತ್ತದೆ, ಅದರ ಮೇಲೆ ಮತ್ತೆ ಉಂಡೆ. ಹೀಗೆ ಪದರದ ಮೇಲೆ ಪದರ.

ಅಮೆರಿಕದ ಒಣ ಪ್ರದೇಶಗಳಲ್ಲಿ ಪ್ಯಾಕ್‌ರ‍್ಯಾಟ್ ಎಂಬ ಇಲಿ ಇದೆ. ಕಂಡದ್ದನ್ನೆಲ್ಲ ಹೊತ್ತು ತಂದು ಗೂಡಲ್ಲಿ ರಾಶಿ ಹಾಕುವುದು ಅದರ ಚಾಳಿ. ಕಡ್ಡಿ, ಎಲೆ, ಮುಳ್ಳು, ಬೇರೆ ಪ್ರಾಣಿಯ ಮೂಳೆ, ಏನಾದರೂ ಸರಿ. ಅದರ ಮೇಲೆಯೇ ಮೂತ್ರ ಮಾಡುತ್ತದೆ. ಮೂತ್ರ ಒಣಗಿ ಅಂಟಿನಂತೆ ಗಟ್ಟಿಯಾಗಿ ಇಡೀ ರಾಶಿಯನ್ನು ಹಿಡಿದಿಡುತ್ತದೆ. ಒಣ ಬಂಡೆ ಸಂದಿಗಳಲ್ಲಿ ಇಂಥ ರಾಶಿಗಳು ಹತ್ತಾರು ಸಾವಿರ ವರ್ಷ ಉಳಿದಿವೆ.

ಇರುವೆಗಳ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 19ನೇ ಶತಮಾನದ ಕೊನೆಯಲ್ಲಿ ಜಾನ್ ಬೆಲ್ ಹ್ಯಾಚರ್ ಎಂಬಾತ ಅಮೆರಿಕದ ವಯೋಮಿಂಗ್‌ನಲ್ಲಿ ಡೈನೋಸಾರ್ ಕಾಲದ ಪುಟ್ಟ ಸಸ್ತನಿಗಳ ಹಲ್ಲು ಹುಡುಕುತ್ತಿದ್ದ. ಅಲ್ಲಿನ ಇರುವೆಗಳು ಗೂಡಿನ ಮೇಲೆ ಸಣ್ಣ ಕಲ್ಲು ಹೊದಿಸುತ್ತವೆ. ಕಲ್ಲಿನ ಜೊತೆ ಹಲ್ಲುಗಳನ್ನೂ ಹೊತ್ತು ತರುತ್ತಿದ್ದವು. ಹ್ಯಾಚರ್ ಗೂಡಿನ ಮೇಲಿಂದ ಹಲ್ಲುಗಳನ್ನು ರಾಶಿ ರಾಶಿ ಆರಿಸಿಕೊಂಡ. ಇರುವೆ ಇಲ್ಲದ ಕಡೆಗೆ ಬೇರೆ ಗೂಡಿನ ಮಣ್ಣನ್ನು ಇರುವೆ ಸಮೇತ ಸಾಗಿಸುವುದು ಒಳ್ಳೆಯದು ಎಂದೂ ಬರೆದಿಟ್ಟ. ಸಂಬಳವಿಲ್ಲದ ಕೂಲಿಗಳು!

ಗೂಬೆ ತನಗೆ ಇಷ್ಟವಾದದ್ದನ್ನೇ ಹಿಡಿಯುತ್ತದಲ್ಲ. ಹಾಗಾದರೆ ಲೆಕ್ಕವೇ ತಪ್ಪಲ್ವಾ?

ಒಳ್ಳೇ ಪ್ರಶ್ನೆ. ಹೌದು, ತಪ್ಪಾಗಬಹುದು. ಗೂಬೆ ರಾತ್ರಿ ಬೇಟೆಗಾರ, ಹಗಲು ಓಡಾಡುವ ಅಳಿಲು ಅದರ ಉಂಡೆಯಲ್ಲಿ ಕಡಿಮೆ. ದೊಡ್ಡ ಗೂಬೆ ಮೊಲ ಹಿಡಿದೀತು, ಸಣ್ಣ ಗೂಬೆಗೆ ಆಗದು.

ಅದಕ್ಕೇ ಮೊದಲು ಈ ರಾಶಿ ಯಾರದ್ದು ಅಂತ ಪತ್ತೆ ಮಾಡುತ್ತಾರೆ. ಹಗಲು ಹಕ್ಕಿಗಳಾದ ಗಿಡುಗಗಳ ಹೊಟ್ಟೆಯ ಆಮ್ಲ ತುಂಬಾ ಖಾರ, ಹಲ್ಲಿನ ಹೊಳಪನ್ನು ತಿಂದು ಹಾಕಿರುತ್ತದೆ. ಕಣಜದ ಗೂಬೆಯ ಹೊಟ್ಟೆ ಮೃದು, ಮೂಳೆ ಹೆಚ್ಚು ಕಡಿಮೆ ಹಾಗೇ ಹೊರಬರುತ್ತದೆ. ನರಿಯಂಥ ಪ್ರಾಣಿ ಅಗಿದದ್ದಾದರೆ ಮೂಳೆ ಚೂರು ಚೂರು. ಮೇಲಿನ ಪದರದಿಂದ ಕೆಳಗಿನ ಪದರದವರೆಗೆ ಒಂದೇ ಬೇಟೆಗಾರನ ಗುರುತು ಇದ್ದರೆ ಪದರಗಳನ್ನು ಒಂದಕ್ಕೊಂದು ಹೋಲಿಸಬಹುದು. ತಕ್ಕಡಿ ಸ್ವಲ್ಪ ವಾಲಿದ್ದರೂ ಎಲ್ಲವನ್ನೂ ಅದರಲ್ಲೇ ತೂಗಿದರೆ ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಅನ್ನುವುದು ತಿಳಿಯುತ್ತದೆ.

ಒಂದೇ ಒಂದು ಹಲ್ಲು ನೋಡಿ ಇದು ಇಂಥ ಪ್ರಾಣಿ ಅಂತ ಹೇಗೆ ಹೇಳುತ್ತಾರೆ?

ದೇಹದಲ್ಲಿ ಹಲ್ಲಿನ ಹೊಳಪು ಪದರದಷ್ಟು ಗಟ್ಟಿ ಬೇರೇನೂ ಇಲ್ಲ. ಮೂಳೆ ಪುಡಿಯಾದರೂ ದವಡೆಹಲ್ಲು ಉಳಿಯುತ್ತದೆ. ಆ ಹಲ್ಲಿನ ಮೇಲ್ಮೈ ಒಂದೊಂದು ಪ್ರಾಣಿಗೆ ಒಂದೊಂದು ತರ. ವೋಲ್ ಎಂಬ ಇಲಿಯ, ಅಕ್ಕಿಕಾಳಿಗಿಂತ ಸಣ್ಣದಾದ ಹಲ್ಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಡಕ್ಕೊಂದು ಬಲಕ್ಕೊಂದು ಪುಟ್ಟ ತ್ರಿಕೋನಗಳು ಕಾಣುತ್ತವೆ. ತ್ರಿಕೋನ ಎಷ್ಟು, ಪಕ್ಕದ್ದಕ್ಕೆ ಸೇರಿಕೊಂಡಿದೆಯಾ ಇಲ್ಲವಾ ಎಂದು ನೋಡಿ ಜಾತಿ ಗುರುತಿಸುತ್ತಾರೆ.

ವೋಲ್ ಅಂದರೆ ಗಿಡ್ಡ ಬಾಲದ, ಹುಲ್ಲು ತಿನ್ನುವ ಇಲಿ. ಇದರ ಹಲ್ಲು ಗಡಿಯಾರದ ಕೆಲಸವನ್ನೂ ಮಾಡುತ್ತದೆ. ಯುರೋಪಿನ ನೀರುವೋಲ್‌ಗಳ ಪೂರ್ವಜ ಮಿಮೋಮಿಸ್‌ನ ದವಡೆಹಲ್ಲಿಗೆ ಬೇರು ಇತ್ತು. ಅದರಿಂದ ಬಂದ ಆರ್ವಿಕೋಲಾಗೆ ಬೇರಿಲ್ಲ, ಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ. ಈ ಬದಲಾವಣೆ ಸುಮಾರು 6 ಲಕ್ಷ ವರ್ಷಗಳ ಹಿಂದೆ ಆಯಿತು. ಇಂಗ್ಲೆಂಡಿನ ಬಾಕ್ಸ್‌ಗ್ರೋವ್‌ನಲ್ಲಿ ಆದಿಮಾನವರ ಕಲ್ಲುಕೊಡಲಿಗಳ ಜೊತೆ ಬೇರಿಲ್ಲದ ಹಲ್ಲು ಸಿಕ್ಕಿತು. ಹಾಗಾಗಿ ಆ ಜಾಗ ಮಿಮೋಮಿಸ್ ಕಾಲಕ್ಕಿಂತ ಈಚಿನದು ಎಂದು ಹೇಳಲು ಆಯಿತು. ಮನುಷ್ಯರ ಚರಿತ್ರೆಯ ತಾರೀಖನ್ನು ಇಲಿ ಹೇಳಿಕೊಟ್ಟಿತು ಅಂದರೆ ತಪ್ಪಿಲ್ಲ.

ಅಷ್ಟು ಸಣ್ಣ ಹಲ್ಲುಗಳನ್ನು ಮಣ್ಣಿನಿಂದ ಹೇಗೆ ತೆಗೆಯುತ್ತಾರೆ?

ತಾಳ್ಮೆಯಿಂದ. ಪ್ರತಿ ಪದರದ ಮಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿ, ಒಣಗಿಸಿ, ನೀರಲ್ಲಿ ನೆನೆಸಿ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾರೆ. ಉಳಿದ ಕಸವನ್ನು ಒಣಗಿಸಿ ಒಂದೊಂದು ಚಿಟಿಕೆಯಂತೆ ಸೂಕ್ಷ್ಮದರ್ಶಕದಡಿ ಹರಡಿ ಹಲ್ಲು ಆರಿಸುತ್ತಾರೆ. ಜರಡಿ ಕಣ್ಣು ದೊಡ್ಡದಾದರೆ ಸುಂಡಿಲಿ ಹಲ್ಲೆಲ್ಲ ಕೆಳಗೆ ಹೋಗುತ್ತವೆ. ಆಮೇಲೆ ‘ಈ ಕಾಲದಲ್ಲಿ ಸುಂಡಿಲಿ ಇರಲಿಲ್ಲ’ ಅಂತ ಬರೆದರೆ ತಪ್ಪು ಜರಡಿಯದ್ದು, ಸುಂಡಿಲಿಯದ್ದಲ್ಲ.

ವೈವಿಧ್ಯ ಅಂದರೆ ಎಷ್ಟು ಜಾತಿ ಇದ್ದವು ಅಂತ ಎಣಿಸುವುದು ತಾನೇ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಎರಡು ಪದರ ಇವೆ ಅಂದುಕೊಳ್ಳಿ. ಎರಡರಲ್ಲೂ ನೂರು ನೂರು ಇಲಿ, ಎರಡರಲ್ಲೂ ಐದೈದು ಜಾತಿ. ಕೆಳಗಿನದರಲ್ಲಿ ಒಂದೊಂದು ಜಾತಿಯಿಂದ ಇಪ್ಪತ್ತು. ಮೇಲಿನದರಲ್ಲಿ ಒಂದೇ ಜಾತಿಯಿಂದ 96, ಉಳಿದ ನಾಲ್ಕರಿಂದ ಒಂದೊಂದು. ಎಣಿಸಿದರೆ ಎರಡೂ ಐದು. ಆದರೆ ಮೇಲಿನ ಪದರದ ಕಾಲದಲ್ಲಿ ಅಲ್ಲಿ ನಿಂತು ನೋಡಿದ್ದರೆ ಕಾಣುತ್ತಿದ್ದದ್ದು ಒಂದೇ ಇಲಿ.

ಹಾಗಾಗಿ ಎರಡನ್ನೂ ನೋಡಬೇಕು. ಎಷ್ಟು ಜಾತಿ ಅನ್ನುವುದು ಒಂದು. ಯಾರ ಪಾಲು ಎಷ್ಟು ಅನ್ನುವುದು ಇನ್ನೊಂದು. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಯಾಕೆಂದರೆ ಪಾಲು ಕೆಡುವುದು ಮೊದಲು, ಜಾತಿ ಹೋಗುವುದು ಆಮೇಲೆ.

ಎಣಿಕೆಯಲ್ಲೂ ಮೋಸ ಇದೆ. ಒಂದು ಪದರದಲ್ಲಿ ಸಾವಿರ ಹಲ್ಲು, ಇನ್ನೊಂದರಲ್ಲಿ ಐವತ್ತು ಸಿಕ್ಕರೆ ಸಾವಿರದಲ್ಲಿ ಜಾಸ್ತಿ ಜಾತಿ ಕಾಣುವುದು ಸಹಜ. ಅದಕ್ಕೆ ದೊಡ್ಡ ರಾಶಿಯಿಂದಲೂ ಐವತ್ತೇ ಎತ್ತಿದ್ದರೆ ಎಷ್ಟು ಜಾತಿ ಸಿಗುತ್ತಿತ್ತು ಎಂದು ಲೆಕ್ಕ ಹಾಕಿ ಹೋಲಿಸುತ್ತಾರೆ. ಜೊತೆಗೆ ಒಂದು ಇಲಿಯ ಹತ್ತು ಹಲ್ಲನ್ನು ಹತ್ತು ಇಲಿ ಅಂದುಕೊಳ್ಳಬಾರದು. ಎಡಗಡೆಯ ಕೆಳದವಡೆಯ ಮೊದಲ ಹಲ್ಲು ಏಳಿದ್ದರೆ ಕನಿಷ್ಠ ಏಳು ಇಲಿ. ಹೀಗೆ ಲೆಕ್ಕ.

ಹಿಮಯುಗ ಮುಗಿದಾಗ ದೊಡ್ಡ ಪ್ರಾಣಿಗಳು ಅಳಿದವು. ಸಣ್ಣವು ಆರಾಮಾಗಿದ್ದವಾ?

ತುಂಬಾ ದಿನ ಹಾಗೇ ಅಂದುಕೊಂಡಿದ್ದರು. ಸುಮಾರು 11,700 ವರ್ಷಗಳ ಹಿಂದೆ ಹಿಮಯುಗ ಮುಗಿಯುವ ಹೊತ್ತಿಗೆ ಮ್ಯಾಮತ್‌ನಂಥ ದೊಡ್ಡ ಪ್ರಾಣಿಗಳು ಹೋದವು ಅಥವಾ ಬೆರಳೆಣಿಕೆಯಷ್ಟು ಉಳಿದವು. ಇಲಿ, ಸುಂಡಿಲಿಗಳಲ್ಲಿ ಪೂರ್ತಿ ಅಳಿದವು ಬಹಳ ಕಡಿಮೆ. ‘ಪಟ್ಟಿಯಲ್ಲಿ ಎಲ್ಲ ಇವೆಯಲ್ಲ, ಸರಿ’ ಅಂತ ಸುಮ್ಮನಾದರು.

ಆಮೇಲೆ ಜೆಸ್ಸಿಕಾ ಬ್ಲಾಯ್ಸ್, ಜೆನ್ನಿ ಮೆಕ್‌ಗೈರ್, ಎಲಿಜಬೆತ್ ಹ್ಯಾಡ್ಲಿ ಎಂಬ ವಿಜ್ಞಾನಿಗಳು ಸೇರಿ ಉತ್ತರ ಕ್ಯಾಲಿಫೋರ್ನಿಯಾದ ಸ್ಯಾಮ್‌ವೆಲ್ ಗುಹೆಯ ಒಂದು ಮೂಲೆಯಲ್ಲಿ ಪದರ ಪದರವಾಗಿ ಅಗೆದು ಪಾಲಿನ ಲೆಕ್ಕ ಹಾಕಿದರು. 2010ರಲ್ಲಿ ಅದು ಪ್ರಕಟವಾಯಿತು. ಹವೆ ಬಿಸಿಯಾಗುತ್ತಾ ಬಂದಂತೆ ಅಲ್ಲಿನ ಸಣ್ಣ ಸಸ್ತನಿಗಳ ವೈವಿಧ್ಯ ಸುಮಾರು ಮೂರನೇ ಒಂದು ಪಾಲಿನಷ್ಟು ಇಳಿದಿತ್ತು. ತಂಪು, ಒದ್ದೆ ನೆಲ ಬಯಸುವ ಬೆಟ್ಟದ ಬೀವರ್ ಎಂಬ ದಂಶಕ ಆ ಜಾಗ ಬಿಟ್ಟಿತ್ತು. ಮೊದಲು ಹಲವರು ಹಂಚಿಕೊಂಡಿದ್ದ ನೆಲದಲ್ಲಿ ಈಗ ಒಂದು ಪ್ರಾಣಿಯ ಕಾರುಬಾರು ಜೋರಾಗಿತ್ತು. ಅದು ಡೀರ್‌ಮೌಸ್ ಎಂಬ ಇಲಿ. ಏನು ಸಿಕ್ಕರೂ ತಿನ್ನುತ್ತದೆ, ಎಲ್ಲಿ ಬೇಕಾದರೂ ಗೂಡು ಕಟ್ಟುತ್ತದೆ, ಬೇಗ ಬೇಗ ಮರಿ ಹಾಕುತ್ತದೆ. ಎಲ್ಲಕ್ಕೂ ಸೈ ಅನ್ನುವ ಪ್ರಾಣಿ. ವೈವಿಧ್ಯ ಆಮೇಲೂ ಹಳೇ ಮಟ್ಟಕ್ಕೆ ಬರಲಿಲ್ಲ.

ಅಳಿದೇ ಹೋಗಿಲ್ಲ ಅಂದಮೇಲೆ ಏನು ನಷ್ಟ?

ಒಂದು ಬಗೆಯ ಇಲಿ ಬಿಲ ತೋಡಿ ಮಣ್ಣು ತಿರುವಿ ಹಾಕುತ್ತದೆ. ಇನ್ನೊಂದು ಬೀಜ ಹೂತಿಟ್ಟು ಮರೆಯುತ್ತದೆ, ಅಲ್ಲಿ ಗಿಡ ಏಳುತ್ತದೆ. ಮತ್ತೊಂದು ಹುಳು ತಿಂದು ಹತೋಟಿಯಲ್ಲಿಡುತ್ತದೆ. ಒಂದು ಜಾಗದಲ್ಲಿ ಈ ಕೆಲಸದವರೆಲ್ಲ ಒಬ್ಬೊಬ್ಬರೇ ಉಳಿದು ಒಂದೇ ಜಾತಿ ತುಂಬಿಕೊಂಡರೆ ಕೆಲಸಗಳು ನಿಲ್ಲುತ್ತವೆ. ಇಲ್ಲಿ ಕಡಿಮೆಯಾದ ಜಾತಿ ಬೇರೆಲ್ಲೋ ದೂರದ ಬೆಟ್ಟದಲ್ಲಿ ಬದುಕಿದೆ ಅನ್ನುವುದರಿಂದ ಈ ಮಣ್ಣಿಗೆ ಏನು ಬಂತು?

ಹವೆ ಬದಲಾದರೆ ಎಲ್ಲ ಪ್ರಾಣಿಗಳೂ ಒಟ್ಟಿಗೆ ಬೇರೆ ಕಡೆ ಹೋಗುತ್ತವಲ್ಲ?

ಒಟ್ಟಿಗೆ ಹೋಗುವುದಿಲ್ಲ. ಪಳೆಯುಳಿಕೆ ಇಲ್ಲದಿದ್ದರೆ ಈ ಸಂಗತಿ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂ ಪ್ಯಾರಿಸ್ ಎಂಬಲ್ಲಿ ನೆಲ ಕುಸಿದಾದ ಒಂದು ಗುಂಡಿ ಇದೆ. ಹಿಮಯುಗದ ಕೊನೆಯ ಕಾಲದ ಅದರ ಪದರಗಳಲ್ಲಿ ಧ್ರುವ ಪ್ರದೇಶದ ಕತ್ತುಪಟ್ಟಿ ಲೆಮ್ಮಿಂಗ್ ಎಂಬ ದಂಶಕ ಕೂಡ ಇದೆ, ಹುಲ್ಲುಗಾವಲಿನ ಹದಿಮೂರು ಗೆರೆಯ ನೆಲ ಅಳಿಲೂ ಇದೆ. ಇವತ್ತು ಇವೆರಡೂ ಒಂದೇ ಕಡೆ ಎಲ್ಲೂ ಸಿಗುವುದಿಲ್ಲ. ಎರಡರ ನೆಲೆಗಳ ನಡುವೆ ಬಹಳ ದೂರ.

ಅಂಥ ಕೂಟಗಳು ಒಂದೆರಡಲ್ಲ. 1996ರಲ್ಲಿ ಉತ್ತರ ಅಮೆರಿಕದ ಸಾವಿರಾರು ಜಾಗಗಳ ದಾಖಲೆ ಒಟ್ಟುಗೂಡಿಸಿ ನೋಡಿದಾಗ, ಪ್ರತಿಯೊಂದು ಜಾತಿಯೂ ತನ್ನದೇ ವೇಗದಲ್ಲಿ, ತನ್ನದೇ ದಿಕ್ಕಿಗೆ ಸರಿದದ್ದು ಕಂಡಿತು. ಇವತ್ತು ಒಂದು ಕಾಡಿನಲ್ಲಿ ಒಟ್ಟಿಗಿರುವ ಪ್ರಾಣಿಗಳು ಅನಾದಿ ಕಾಲದಿಂದ ಒಂದೇ ಮನೆಯವರಲ್ಲ. ಬಸ್ ನಿಲ್ದಾಣದಲ್ಲಿ ಒಟ್ಟಿಗೆ ನಿಂತವರ ಹಾಗೆ, ಅಷ್ಟೇ.

ಇನ್ನು ಕೆಲವಕ್ಕೆ ಹೋಗಲಿಕ್ಕೂ ಆಗಲಿಲ್ಲ. ಯುರೋಪಿನ ಗುಹೆಗಳ ಕತ್ತುಪಟ್ಟಿ ಲೆಮ್ಮಿಂಗ್ ಮೂಳೆಗಳಿಂದ ಡಿಎನ್‌ಎ ತೆಗೆದು 2012ರಲ್ಲಿ ಪ್ರಕಟಿಸಿದರು. ಮೂಳೆ ಮಾತ್ರ ನೋಡಿದರೆ ಸಾವಿರಾರು ವರ್ಷ ಅದೇ ಪ್ರಾಣಿ ಅಲ್ಲೇ ಇದ್ದ ಹಾಗೆ ಕಾಣುತ್ತದೆ. ಡಿಎನ್‌ಎ ಬೇರೆಯೇ ಹೇಳಿತು. ಬಿಸಿ ಬಂದಾಗ ಅಲ್ಲಿನ ಗುಂಪು ಅಲ್ಲೇ ಸತ್ತು ಹೋಗಿದೆ. ತಂಪಾದಾಗ ಬೇರೆ ಕಡೆಯಿಂದ ಹೊಸ ಗುಂಪು ಬಂದು ನೆಲೆಸಿದೆ. ಹೀಗೆ ಒಂದಲ್ಲ, ಹಲವು ಸಲ.

ಜಾಗ ಬಿಡದೆ ಹೊಂದಿಕೊಂಡವು ಯಾವೂ ಇಲ್ಲವಾ?

ಇವೆ. ಮೇಲೆ ಹೇಳಿದ ಪ್ಯಾಕ್‌ರ‍್ಯಾಟ್‌ಗಳೇ ಒಂದು ಉದಾಹರಣೆ. ಅವುಗಳ ರಾಶಿಗಳಲ್ಲಿ ಹಿಕ್ಕೆಗಳು ಕೂಡ ಉಳಿದಿವೆ. ದೊಡ್ಡ ಇಲಿಯ ಹಿಕ್ಕೆ ದಪ್ಪ, ಸಣ್ಣ ಇಲಿಯದ್ದು ತೆಳು. ಫೆಲಿಸಾ ಸ್ಮಿತ್ ಮತ್ತು ಜೊತೆಗಾರರು ಹಿಕ್ಕೆಯ ದಪ್ಪ ಅಳೆದು 25 ಸಾವಿರ ವರ್ಷಗಳ ಕಥೆ ಬಿಡಿಸಿದರು. 1995ರ ಕೆಲಸ ಅದು. ಚಳಿ ಹೆಚ್ಚಿದ ಕಾಲದಲ್ಲಿ ಇಲಿಗಳು ದೊಡ್ಡದಾದವು, ಬಿಸಿ ಹೆಚ್ಚಿದಾಗ ಚಿಕ್ಕದಾದವು. ದೊಡ್ಡ ಮೈ ಬಿಸಿಯನ್ನು ಹಿಡಿದಿಡುತ್ತದೆ, ಸಣ್ಣ ಮೈ ಬೇಗ ಬಿಟ್ಟುಕೊಡುತ್ತದೆ. ಹಿಕ್ಕೆ ಅಳೆಯುತ್ತಾ ಕೂತವರ ಬಗ್ಗೆ ನನಗೆ ಗೌರವ ಜಾಸ್ತಿ.

ಭಾರತದಲ್ಲಿ ಕರ್ನೂಲು ಭಾಗದ ಬಿಲ್ಲಸುರ್ಗಂ ಗುಹೆಗಳು ಕೂಡ ಇಂಥ ಗಟ್ಟಿತನ ತೋರಿಸುತ್ತವೆ. 1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮತ್ತು ಅವರ ಮಗ ಅಲ್ಲಿ ಅಗೆದಿದ್ದರು. ಮತ್ತೆ ಅಗೆದು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಳೆದ 2 ಲಕ್ಷ ವರ್ಷಗಳಲ್ಲಿ ಅಲ್ಲಿನ ಬಹುತೇಕ ಎಲ್ಲ ಸಸ್ತನಿಗಳು ಹವೆಯ ಏರುಪೇರು ದಾಟಿ ಉಳಿದಿವೆ. ಹತ್ತಿರ ಹತ್ತಿರದಲ್ಲೇ ಕಾಡು, ಬಯಲು, ನೀರು ಎಲ್ಲ ಇದ್ದದ್ದು ಇದಕ್ಕೆ ಒಂದು ಕಾರಣ.

ಡೈನೋಸಾರ್ ಕಾಲದಲ್ಲೂ ಸಣ್ಣ ಸಸ್ತನಿಗಳಿದ್ದವಾ?

ಆಗ ಇದ್ದ ಸಸ್ತನಿಗಳೆಲ್ಲ ಹೆಚ್ಚು ಕಡಿಮೆ ಸಣ್ಣವೇ. ಸುಮಾರು 20 ಕೋಟಿ ವರ್ಷಗಳ ಹಿಂದಿನ ಮೋರ್ಗನುಕೋಡಾನ್ ಸುಂಡಿಲಿಯಷ್ಟಿತ್ತು. ಚೀನಾದಲ್ಲಿ ಸಿಕ್ಕ ಹ್ಯಾಡ್ರೋಕೋಡಿಯಮ್‌ನ ತೂಕ ಸುಮಾರು ಎರಡು ಗ್ರಾಂ ಎಂದು ಅಂದಾಜು. ಭಾರತದಲ್ಲಿ ದಖ್ಖನ್ ಲಾವಾ ಪದರಗಳ ನಡುವಿನ ಕೆಸರಲ್ಲಿ, ನಸ್ಕಲ್ ಎಂಬಲ್ಲಿ, ಡೆಕ್ಕನೋಲೆಸ್ಟೆಸ್ ಎಂಬ ಸಸ್ತನಿಯ ಪುಟ್ಟ ಹಲ್ಲುಗಳು ಸಿಕ್ಕಿ 1988ರಲ್ಲಿ ಪ್ರಕಟವಾದವು.

6.6 ಕೋಟಿ ವರ್ಷಗಳ ಹಿಂದೆ ಉಲ್ಕೆ ಅಪ್ಪಳಿಸಿದಾಗ ಸಸ್ತನಿಗಳಿಗೂ ಪೆಟ್ಟು ಬಿತ್ತು. ‘ಡೈನೋಸಾರ್ ಹೋದವು, ಸಸ್ತನಿಗಳಿಗೆ ಹಬ್ಬ’ ಅನ್ನುವ ಕಥೆ ಅರ್ಧ ಸತ್ಯ. ಉತ್ತರ ಅಮೆರಿಕದಲ್ಲಿ ಹೊಟ್ಟೆಚೀಲದ ಸಸ್ತನಿಗಳ ಬಳಗ ಬಹುಪಾಲು ನಾಶವಾಯಿತು. ಕೊಲೊರಾಡೋದ ಕೋರಲ್ ಬ್ಲಫ್ಸ್‌ನ ಪಳೆಯುಳಿಕೆಗಳ ಪ್ರಕಾರ ಅಲ್ಲಿ ಉಳಿದವುಗಳಲ್ಲಿ ದೊಡ್ಡದು ಇಲಿಯಷ್ಟೇ. ಒಂದು ಲಕ್ಷ ವರ್ಷ ಕಳೆಯುವ ಹೊತ್ತಿಗೆ ರಕೂನ್‌ನಷ್ಟು ದೊಡ್ಡವು ಮತ್ತೆ ಬಂದವು.

ಇಲಿಗಳು ಯಾವಾಗ ಬಂದವು?

ಇಲಿಯ ಜಾಗದಲ್ಲಿ ಮೊದಲು ಬೇರೆಯವರಿದ್ದರು. ಮಲ್ಟಿಟ್ಯೂಬರ್ಕುಲೇಟ್ ಎಂಬ ಬಾಯಿ ತಿರುಗದ ಹೆಸರಿನ ಗುಂಪು. ನೋಡಲು ಇಲಿಯ ಹಾಗೇ, ನೆಂಟಸ್ತನ ಇಲ್ಲ. ಹತ್ತು ಕೋಟಿ ವರ್ಷಕ್ಕೂ ಹೆಚ್ಚು ಬಾಳಿದವು, ಉಲ್ಕೆಯ ಪೆಟ್ಟನ್ನೂ ತಡೆದುಕೊಂಡವು. ಸುಮಾರು 5.6 ಕೋಟಿ ವರ್ಷಗಳ ಹಿಂದೆ ನಿಜವಾದ ದಂಶಕಗಳು ಕಾಣಿಸಿಕೊಂಡ ಮೇಲೆ ಇವುಗಳ ಪಾಲು ಕುಗ್ಗುತ್ತಾ ಬಂತು. ಸುಮಾರು 3.5 ಕೋಟಿ ವರ್ಷಗಳ ಹಿಂದೆ ಪೂರ್ತಿ ಹೋದವು.

ನಮಗೆ ಗೊತ್ತಿರುವ ಇಲಿ, ಹೆಗ್ಗಣಗಳ ಮನೆತನದ ಮೊದಲ ಪುಟಗಳು ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯ ಶಿವಾಲಿಕ್ ಪದರಗಳಲ್ಲಿವೆ. ಅಲ್ಲಿ ಸುಮಾರು 1.4 ಕೋಟಿ ವರ್ಷಗಳ ಹಿಂದಿನ ಆಂಟೆಮಸ್ ಎಂಬ ಇಲಿ, ಅದರ ಮೇಲಿನ ಪದರಗಳಲ್ಲಿ ಪ್ರೊಗೊನೊಮಿಸ್ ಸಿಗುತ್ತವೆ. ಮೇಲಿನ ಹಲ್ಲಿನ ಎರಡು ಸಾಲು ಉಬ್ಬುಗಳ ಪಕ್ಕ ಒಳಬದಿಯಲ್ಲಿ ಮೂರನೇ ಸಾಲು ಮೂಡಿ, ಉಬ್ಬುಗಳೆಲ್ಲ ಅಡ್ಡಕ್ಕೆ ಕೂಡಿಕೊಳ್ಳುತ್ತಾ ಹೋದದ್ದನ್ನು ಪದರದಿಂದ ಪದರಕ್ಕೆ ಹಿಂಬಾಲಿಸಬಹುದು. ಇಲಿ ಮತ್ತು ಹೆಗ್ಗಣದ ದಾರಿ ಬೇರೆಯಾದದ್ದು ಸುಮಾರು 1.2 ಕೋಟಿ ವರ್ಷಗಳ ಹಿಂದೆ ಎಂದು ಡಿಎನ್‌ಎ ಬದಲಾವಣೆ ಎಣಿಸಿ ಕಾಲ ಹೇಳುವ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ಇದೇ ಹಲ್ಲುಗಳಿಂದ.

ಜಾತಿಗಳು ಬಂದು ಹೋಗುವುದಕ್ಕೆ ಏನಾದರೂ ಲೆಕ್ಕ ಇದೆಯಾ?

ಮಧ್ಯ ಸ್ಪೇನಿನಲ್ಲಿ 2.2 ಕೋಟಿ ವರ್ಷಗಳ ದಂಶಕ ಹಲ್ಲುಗಳ ಸರಣಿ ಇದೆ. 2006ರಲ್ಲಿ ಅದನ್ನು ನೋಡಿದವರಿಗೆ ಜಾತಿಗಳು ಗುಂಪು ಗುಂಪಾಗಿ ಹೋಗಿ ಹೊಸವು ಬರುವುದಕ್ಕೆ ತಾಳ ಇರುವುದು ಕಂಡಿತು. ಸುಮಾರು 24 ಲಕ್ಷ ವರ್ಷಕ್ಕೊಂದು, 10 ಲಕ್ಷ ವರ್ಷಕ್ಕೊಂದು. ಭೂಮಿಯ ಕಕ್ಷೆ ಮತ್ತು ವಾಲುವಿಕೆಯಲ್ಲಿ ಆಗುವ ನಿಧಾನ ಬದಲಾವಣೆಗೆ ಇದು ಹೊಂದುತ್ತದೆ.

ದ್ವೀಪಗಳಲ್ಲಿ ಏನಾಗುತ್ತದೆ?

ವಿಚಿತ್ರಗಳು. ಬೇಟೆಗಾರರಿಲ್ಲದ, ಸ್ಪೇನಿನ ಮೆನೋರ್ಕಾ ದ್ವೀಪದಲ್ಲಿ ಸುಮಾರು 12 ಕಿಲೋ ತೂಗುವ, ನೆಗೆಯಲಾರದ ಮೊಲ ಇತ್ತು. ಇಂಡೋನೇಷ್ಯಾದ ಫ್ಲೋರೆಸ್‌ನ ಲಿಯಾಂಗ್ ಬುವಾ ಗುಹೆಯಲ್ಲಿ ‘ಕುಳ್ಳ ಮಾನವ’ರ ಮೂಳೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಅಲ್ಲಿನ ಮೂಳೆಗಳಲ್ಲಿ ಬಹುಪಾಲು ಇಲಿಗಳದ್ದು ಅನ್ನುವುದು ಕಡಿಮೆ ಜನಕ್ಕೆ ಗೊತ್ತು. ಸುಮಾರು 60 ಸಾವಿರ ವರ್ಷಗಳ ಹಿಂದೆ ಬಯಲಿನ ಮಧ್ಯಮ ಗಾತ್ರದ ಇಲಿಗಳು ಕಡಿಮೆಯಾಗಿ ಕಾಡಿನ ಸಣ್ಣ ಇಲಿಗಳು ಹೆಚ್ಚಿದವು. ಕುಳ್ಳ ಮಾನವರು ಕಾಣೆಯಾಗುವುದೂ ಅದರ ಆಸುಪಾಸಿನಲ್ಲೇ.

ದ್ವೀಪಗಳಲ್ಲಿ ನಷ್ಟವೂ ಹೆಚ್ಚು. ಕೆರಿಬಿಯನ್‌ನ ನೆಸೊಫಾಂಟಿಸ್ ಎಂಬ ಸುಂಡಿಲಿಯಂಥ ಪ್ರಾಣಿ ಹಿಮಯುಗ ದಾಟಿತು, ಯುರೋಪಿನ ಹಡಗುಗಳಲ್ಲಿ ಬಂದ ಹೆಗ್ಗಣಗಳನ್ನು ದಾಟಲಿಲ್ಲ. ಗೂಬೆ ಉಂಡೆಗಳಲ್ಲಿ ಎರಡರ ಮೂಳೆಗಳೂ ಪಕ್ಕಪಕ್ಕದಲ್ಲಿವೆ. ಸುಮಾರು 750 ವರ್ಷ ಹಳೆಯ ಉಂಡೆಯ ಮೂಳೆಯಿಂದ ಅದರ ಡಿಎನ್‌ಎಯನ್ನೂ ತೆಗೆದಿದ್ದಾರೆ.

ಈಗಿನ ಬಿಸಿಗೂ ಹಳೇ ಬಿಸಿಗೂ ಏನಾದರೂ ವ್ಯತ್ಯಾಸ ಕಾಣುತ್ತದಾ?

ಅಮೆರಿಕದ ಯೂಟಾದ ಹೋಮ್‌ಸ್ಟೆಡ್ ಗುಹೆಯಲ್ಲಿ ಇದನ್ನು ನೇರ ಹೋಲಿಸಬಹುದು. ಹಿಮಯುಗದ ಕೊನೆಯಿಂದ ಗೂಬೆಗಳು ಅಲ್ಲಿ ಉಂಡೆ ಬೀಳಿಸುತ್ತಲೇ ಬಂದಿವೆ. ಡೊನಾಲ್ಡ್ ಗ್ರೇಸನ್ ಲೆಕ್ಕದ ಪ್ರಕಾರ ಹೊಲೊಸೀನ್‌ನ, ಅಂದರೆ ಹಿಮಯುಗ ಮುಗಿದ ಮೇಲೆ ಶುರುವಾದ ಈಗಿನ ಯುಗದ, ನಡುವಿನ ಒಣ, ಬಿಸಿ ಕಾಲದಲ್ಲಿ ಜಾತಿಗಳೂ ಕಡಿಮೆಯಾದವು, ಪಾಲೂ ಕೆಟ್ಟಿತು. ತಂಪು ಬಯಸುವವು ಕುಗ್ಗಿದವು, ಮರುಭೂಮಿಗೆ ಒಗ್ಗಿದ ಕಾಂಗರೂ ಇಲಿಗಳು ಹೆಚ್ಚಿದವು. ಆದರೆ ರೆಬೆಕಾ ಟೆರ‍್ರಿ ಮತ್ತು ಜೊತೆಗಾರರು ಇನ್ನೊಂದು ಸಂಗತಿ ಗಮನಿಸಿದರು. ಒಬ್ಬರು ಕುಗ್ಗಿದಾಗ ಇನ್ನೊಬ್ಬರು ಹಿಗ್ಗಿ, ಎಲ್ಲ ಇಲಿಗಳೂ ಸೇರಿ ಆ ನೆಲದಿಂದ ಪಡೆಯುವ ಒಟ್ಟು ಆಹಾರ ಸಾವಿರಾರು ವರ್ಷ ಹೆಚ್ಚು ಕಡಿಮೆ ಅಷ್ಟೇ ಇತ್ತು. ಕಳೆದ ನೂರು ವರ್ಷಗಳಲ್ಲಿ ಆ ಸರಿದೂಗಿಸುವಿಕೆ ತಪ್ಪಿದೆ. ಹೊರಗಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ಪೊದೆಗಳ ಜಾಗ ನುಂಗಿದ್ದು ಇದಕ್ಕೆ ಮುಖ್ಯ ಕಾರಣ ಅನ್ನುತ್ತಾರೆ. ಇದನ್ನು ಹೇಳಿದ್ದು ರಾಶಿಯ ಅತಿ ಮೇಲಿನ ಪದರ, ಇನ್ನೂ ಕಲ್ಲಾಗದ, ಕೂದಲು ಅಂಟಿಕೊಂಡೇ ಇರುವ ಉಂಡೆಗಳು.